ದುಭಾಷಿಯ ಮುಖ ಕಾಣಬೇಕು, ಮೂಗುಬೊಟ್ಟು ಇದ್ದರೇನು?

ಮಾನ್ಯ ಸಂಪಾದಕರೇ,

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಸನ್ನೆ ಭಾಷೆ ಅವನು ಶಾಲೆಯಲ್ಲಿ ಕಲಿತ, ಅವನಿಂದ ನಾನು ಕಲಿತೆ.

ಇತ್ತೀಚೆಗೆ ನಮ್ಮ ಕಡೆ ಭಿನ್ನ ಸಾಮರ್ಥ್ಯದವರ ಸೌಲಭ್ಯಗಳ ಬಗ್ಗೆ ಒಂದು ಸಭೆ ನಡೆಯಿತು. ಸನ್ನೆ ಭಾಷೆಯ ದುಭಾಷಿಯಾಗಿ ಒಬ್ಬ ಹುಡುಗಿ ಬಂದಿದ್ದಳು. ಮೂಗಿನಲ್ಲಿ ಸಣ್ಣ ಬೊಟ್ಟು, ಹುಬ್ಬಿನ ತುದಿಯಲ್ಲೊಂದು ರಿಂಗ್. ಸಂಘಟಕರೊಬ್ಬರು ಎಲ್ಲರೆದುರೇ, "ಇದನ್ನೆಲ್ಲ ತೆಗೆದಿಟ್ಟು ಬಾ, ಸಭೆಗೊಂದು ಮರ್ಯಾದೆ ಬೇಡವಾ?" ಎಂದರು. ಪಾಪ, ಅವಳು ರಿಂಗ್ ಬಿಚ್ಚಿದಳು. ಮೂಗು ಚುಚ್ಚಿಸಿ ಜಾಸ್ತಿ ದಿನ ಆಗಿರಲಿಲ್ಲ. ಬೊಟ್ಟು ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅದರ ಮೇಲೆ ಚರ್ಮದ ಬಣ್ಣದ ಟೇಪ್ ಅಂಟಿಸಿಕೊಂಡಳು. ಆಮೇಲೆ ಅವಳನ್ನು ನಿಲ್ಲಿಸಿದ್ದೆಲ್ಲಿ? ತೆರೆದ ಕಿಟಕಿಯ ಮುಂದೆ. ಹಿಂದಿನಿಂದ ಬಿಸಿಲು ಹೊಡೆಯುತ್ತಿತ್ತು. ಅವಳ ಮುಖ ಪೂರ್ತಿ ಕಪ್ಪು. ಮಗ ಕಣ್ಣು ಕಿರಿದು ಮಾಡಿ ನೋಡಿದ, ಸೀಟು ಬದಲಾಯಿಸಿದ, ಕೊನೆಗೆ ನನ್ನ ತೋಳು ತಟ್ಟಿ ಏನು ಹೇಳುತ್ತಿದ್ದಾರೆ ಎಂದು ಕೇಳಿದ.

ಹುಬ್ಬಿನ ರಿಂಗ್ ವಿಷಯವೇ ಅಲ್ಲ ಎಂದು ನಾನು ಹೇಳುವುದಿಲ್ಲ. ಸನ್ನೆ ಭಾಷೆಯಲ್ಲಿ ಕೈಯಷ್ಟೇ ಮುಖವೂ ಮಾತಾಡುತ್ತದೆ. ಕೈ ಅದೇ ಸನ್ನೆ ಮಾಡುತ್ತದೆ, ಹುಬ್ಬು ಮೇಲೇರಿದರೆ ಸಾಕು, 'ಊಟ ಆಯಿತು' ಹೋಗಿ 'ಊಟ ಆಯಿತಾ?' ಆಗುತ್ತದೆ. ತುಟಿಯ ಆಕಾರವನ್ನೂ ನೋಡುತ್ತಾರೆ. ಹುಬ್ಬಿನ ಮೇಲೆ, ತುಟಿಯ ಮೇಲೆ ಫಳಫಳ ಹೊಳೆಯುವುದೇನಾದರೂ ಇದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಗಂಟೆಗಟ್ಟಲೆ ರೆಪ್ಪೆ ಬಡಿಯದ ಹಾಗೆ ನೋಡುವವರಿಗೆ ಅದು ಹಿಂಸೆ. ಜೋತಾಡುವ ಜುಮುಕಿ, ಗಾಜಿನ ಬಳೆ, ಹೊಳೆಯುವ ನೈಲ್ ಪಾಲಿಶ್ ಕೂಡ ಹಾಗೆಯೇ. ಆದರೆ ಸಾಸಿವೆ ಕಾಳಿನಷ್ಟಿರುವ ಮೂಗುಬೊಟ್ಟು? ನಮ್ಮ ಕಡೆ ಅಜ್ಜಿಯಂದಿರ ಮೂಗಿನಲ್ಲಿ ಅದಕ್ಕಿಂತ ದೊಡ್ಡದಿರುತ್ತದೆ. ಮೇಲ್ತುಟಿ ಮುಚ್ಚುವಷ್ಟು ದಪ್ಪ ಮೀಸೆ ಬಿಟ್ಟ ಗಂಡಸು ದುಭಾಷಿಯಾಗಿ ಬಂದರೆ ಟ್ರಿಮ್ ಮಾಡಿ ಬಾ ಎಂದು ಯಾರಾದರೂ ಹೇಳುತ್ತಾರಾ? ನನ್ನ ಮಗನಿಗೆ ಬೊಟ್ಟಿಗಿಂತ ಆ ಮೀಸೆಯೇ ದೊಡ್ಡ ತೊಂದರೆ.

ಬಟ್ಟೆಯ ವಿಷಯ ನನಗೆ ಗೊತ್ತು, ಅದಕ್ಕೇ ಹೇಳುತ್ತೇನೆ. ಚೌಕುಳಿ, ಗೀಟು, ದೊಡ್ಡ ಹೂವಿನ ಪ್ರಿಂಟ್ ಇದ್ದರೆ ಬೆರಳು ಅದರಲ್ಲೇ ಕಳೆದುಹೋಗುತ್ತದೆ. ಸಾದಾ ಬಟ್ಟೆ ಬೇಕು. ಬಿಳಿ ಕೈಯವರಿಗೆ ಕಡು ಬಣ್ಣ, ಕಪ್ಪು ಕೈಯವರಿಗೆ ತಿಳಿ ಬಣ್ಣ. ಆ ಹುಡುಗಿ ಇದನ್ನೆಲ್ಲ ಕಲಿತವಳು, ಕಡು ನೀಲಿ ಸಾದಾ ಕುರ್ತಾ ಹಾಕಿಕೊಂಡೇ ಬಂದಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸನ್ನೆ ಭಾಷೆಯ ಹೆಸರಿದೆ. ದೆಹಲಿಯಲ್ಲಿ 2015ರಲ್ಲೇ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಗಿದೆ. ಆದರೂ ನಮ್ಮಂಥ ಊರಿಗೆ ದುಭಾಷಿ ಸಿಗುವುದೇ ಕಷ್ಟ. ಕಾಸರಗೋಡಿನಲ್ಲಿ ಅಧಿಕಾರಿ ಮಲಯಾಳದಲ್ಲಿ ಮಾತಾಡಿದರೆ ಕನ್ನಡದವರು ಕನ್ನಡ ಬೇಕು ಎಂದು ಕೇಳುತ್ತೇವೆ, ಕೇಳಲೇಬೇಕು. ನನ್ನ ಮಗನಿಗೆ ಎರಡೂ ಕೇಳುವುದಿಲ್ಲ. ಅವನಿಗಿರುವುದು ದುಭಾಷಿಯ ಮುಖ ಮತ್ತು ಎರಡು ಕೈ. ಹಾಗಿರುವಾಗ ಬಂದ ಒಬ್ಬಳಿಗೂ ಸುಮ್ನೆ ಅವಮಾನ ಮಾಡಿ ಕಳಿಸಿದರೆ ಮತ್ತೆ ಯಾರು ಬರುತ್ತಾರೆ?

ಸಭೆ ಕರೆಯುವವರಲ್ಲಿ ನನ್ನ ವಿನಂತಿ ಇಷ್ಟೇ. ಕಿವಿ ಕೇಳದವರಲ್ಲಿ ಇಬ್ಬರನ್ನಾದರೂ ಅರ್ಧ ಗಂಟೆ ಮೊದಲೇ ಕರೆಸಿ. ದುಭಾಷಿಯನ್ನು ನಿಲ್ಲಿಸಿ, ಲೈಟ್ ಹಾಕಿ, ಕಾಣುತ್ತದಾ ಎಂದು ಅವರನ್ನೇ ಕೇಳಿ. ರಿಂಗ್ ಕಣ್ಣಿಗೆ ಹೊಡೆಯುತ್ತದೆ ಎಂದು ಅವರು ಹೇಳಿದರೆ ಅವಳು ಖಂಡಿತ ತೆಗೆಯುತ್ತಾಳೆ, ಇಲ್ಲವೇ ಬಣ್ಣವಿಲ್ಲದ ಪ್ಲಾಸ್ಟಿಕ್ ಕಡ್ಡಿ ಹಾಕಿಕೊಳ್ಳುತ್ತಾಳೆ. ಮುಂದಿನ ಸಭೆಗೂ ಆ ಹುಡುಗಿಯನ್ನೇ ಕರೆಯಿರಿ, ಅವಳ ಸನ್ನೆ ಚೆನ್ನಾಗಿತ್ತು ಎಂದು ಮಗ ಹೇಳಿದ್ದಾನೆ.

– ಒಬ್ಬ ತಾಯಿ, ಬದಿಯಡ್ಕ