ಮುಖಕ್ಕೆ ಹಚ್ಚುವ ಪಾದರಸ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರಗಳು. ಮುಖ ಬೆಳ್ಳಗಾಗುತ್ತದೆಂದು ನಮ್ಮ ಸಂತೆಯಲ್ಲೂ ಫ್ಯಾನ್ಸಿ ಅಂಗಡಿಗಳಲ್ಲೂ ಮಾರುವ, ತಯಾರಕರ ವಿಳಾಸವಾಗಲಿ ಪರವಾನಗಿ ಸಂಖ್ಯೆಯಾಗಲಿ ಇಲ್ಲದ ಕ್ರೀಮುಗಳ ಮಾದರಿ ತೆಗೆಸಿ, ಅವುಗಳಲ್ಲಿ ಪಾದರಸವಿದೆಯೇ ಎಂದು ಪರೀಕ್ಷೆ ಮಾಡಿಸಬೇಕೆಂದು ಕಳೆದ ಒಂದು ವರ್ಷದಲ್ಲಿ ತಮಗೆ ಎರಡು ಮನವಿ ಕೊಟ್ಟಿದ್ದೇನೆ. ಎರಡನ್ನೂ ತಾವು "ನೋಡೋಣಮ್ಮ" ಎಂದು ಆಪ್ತ ಸಹಾಯಕರ ಕೈಗೆ ದಾಟಿಸಿದಿರಿ. ಅವರು ಇನ್ನೂ ನೋಡುತ್ತಲೇ ಇದ್ದಾರೆಂದು ಭಾವಿಸಿ, ಮೂರನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆ ಕ್ರೀಮನ್ನು ಮಗಳಿಗೆ ತಂದುಕೊಟ್ಟವಳು ನಾನೇ. ಅಡಿಕೆ ಕೊಯ್ಲು ಮುಗಿದ ಮೇಲೆ ಗಂಡಿನ ಕಡೆಯವರು ಬರುವವರಿದ್ದರು. ಅವಳದು ನನ್ನದೇ ಬಣ್ಣ. ಅದಕ್ಕೂ ಮೊದಲು ಬಂದ ಎರಡು ಕಡೆಯವರು ಕಾಫಿ ಕುಡಿದು, "ತಿಳಿಸುತ್ತೇವೆ" ಎಂದು ಹೋದವರು ತಿಳಿಸಿರಲಿಲ್ಲ. ಸಂತೆಯಲ್ಲಿ 250 ರೂಪಾಯಿ ಕೊಟ್ಟು ತಂದ ಡಬ್ಬಿ, ನೆಂಟರೆಲ್ಲ ಹೆಸರು ಕೇಳುವಷ್ಟು ಚೆನ್ನಾಗಿ ಕೆಲಸ ಮಾಡಿತು. ನಾಲ್ಕನೆಯ ತಿಂಗಳಿಗೆ ಅವಳ ಕಾಲ್ಗೆಜ್ಜೆ ಊದಿದ ಕಾಲಿನಲ್ಲಿ ಹೂತುಹೋಯಿತು. ಮೊಣಕಾಲಿನ ಕೆಳಗೆ ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಎಷ್ಟು ಹೊತ್ತಾದರೂ ಮೇಲೇಳುತ್ತಿರಲಿಲ್ಲ. ಬೆಳಗ್ಗೆ ರೆಪ್ಪೆ ಊದಿ ಕಣ್ಣು ಬಿಡಲಾಗುತ್ತಿರಲಿಲ್ಲ, ಮೂತ್ರದಲ್ಲಿ ಸೋಪಿನಂಥ ನೊರೆ. ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದಾಗ, ದಿನಕ್ಕೆ 150 ಮಿಲಿಗ್ರಾಂ ಮೀರಬಾರದ ಪ್ರೋಟೀನು 6 ಗ್ರಾಂ ದಾಟಿ ಹೊರಗೆ ಹೋಗುತ್ತಿತ್ತು. ಮೂತ್ರಪಿಂಡದ ವೈದ್ಯರು ಊಟ, ಮಾತ್ರೆ, ನಾಟಿ ಔಷಧ ಎಲ್ಲವನ್ನೂ ವಿಚಾರಿಸಿ, ಕೊನೆಗೆ "ಮುಖಕ್ಕೆ ಏನು ಹಚ್ಚುತ್ತೀಯಮ್ಮ?" ಎಂದಾಗ ಮಗಳು ನನ್ನ ಕಡೆ ನೋಡಿದಳು. ರಕ್ತದಲ್ಲಿ ಪಾದರಸ ಸಿಕ್ಕಿತು.

ಪಾದರಸದ ಲವಣಗಳು ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಹುಟ್ಟುವುದನ್ನು ತಡೆಯುವುದರಿಂದ ಬಣ್ಣ ತಿಳಿಯಾಗುತ್ತದೆಯಂತೆ. ಆದರೆ ಅವು ಅಲ್ಲೇ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡ ಸೇರುತ್ತವೆ, ಕೈನಡುಕ, ನಿದ್ರಾಹೀನತೆ, ಮರೆವು ತರುತ್ತವೆ, ಬಸುರಿಯ ಹೊಟ್ಟೆಯಲ್ಲಿರುವ ಕೂಸನ್ನೂ ಬಿಡುವುದಿಲ್ಲ. ಹಚ್ಚಿಕೊಂಡವರ ಟವೆಲ್ಲು, ದಿಂಬಿನ ಮೂಲಕ ಮನೆಯ ಉಳಿದವರಿಗೂ ತಾಗುತ್ತವೆ. ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ, ಮಗಳಿಗಾದಂತೆ ಮೂತ್ರದಲ್ಲಿ ಪ್ರೋಟೀನು ಸೋರುವ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದವರಾಗಿದ್ದರು.

ಕಾನೂನನ್ನು ತಮಗೆ ನಾನು ಹೇಳಬೇಕಾಗಿಲ್ಲ. 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ, ಅರಿವಿಲ್ಲದೆ ಸೇರಿದ್ದೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ ಎಂಬುದು ತಮಗೆ ತಿಳಿದೇ ಇದೆ. ಹಾಗಿದ್ದರೆ ಮಾದರಿ ತೆಗೆಸುವುದಕ್ಕೆ ಅಡ್ಡಿ ಏನು?

ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ; ಮನವಿಯಲ್ಲಿ ಬರೆದಿದ್ದೇನೆ. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ ಮೇಲೆ ಅಲ್ಲಿದ್ದವರು, "ಇದು ಔಷಧವಲ್ಲ, ಸೌಂದರ್ಯದ ಸಾಮಾನು, ನಮಗೆ ಬರುವುದಿಲ್ಲ" ಎಂದರು. 1940ರ ಕಾಯ್ದೆಯ ಹೆಸರೇ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ. ಅವರು ಮೊದಲ ಪದಕ್ಕೇ ಓದು ನಿಲ್ಲಿಸಿರಬೇಕು. ಆಮೇಲೆ ಅಂಗಡಿಯ ರಸೀದಿ ಕೇಳಿದರು. ಸಂತೆಯಲ್ಲಿ ಚಾಪೆ ಹಾಸಿ ಮಾರುವವನು ರಸೀದಿ ಕೊಡುತ್ತಾನೆಯೇ? ಕೊನೆಗೆ ಇನ್ನೊಬ್ಬರು ನಗುತ್ತಾ, "ಅಂತೂ ಮಗಳು ಬೆಳ್ಳಗಾದಳೋ ಇಲ್ಲವೋ?" ಎಂದು ಕೇಳಿದರು. ಹೌದು ಸ್ವಾಮಿ, ಆಗಿದ್ದಾಳೆ. ರಕ್ತವಿಲ್ಲದೆ ಬಿಳಿಚಿಕೊಂಡಿದ್ದಾಳೆ.

ಆ ಡಬ್ಬಿಯ ಮೇಲೆ, ಹಚ್ಚುವಾಗ ಚಿನ್ನ ಬೆಳ್ಳಿ ತಾಗಿಸಬಾರದೆಂದು ಸಣ್ಣ ಅಕ್ಷರದಲ್ಲಿದೆ. ಪಾದರಸ ಚಿನ್ನವನ್ನು ಹಿಡಿದುಕೊಳ್ಳುವ ಕಾರಣ ಈ ಎಚ್ಚರಿಕೆಯೆಂದು ವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಮಾಡಿದವರಿಗೆ ನನ್ನ ಮಗಳ ಉಂಗುರದ ಮೇಲೆ ಇದ್ದಷ್ಟು ಕಾಳಜಿ ಅವಳ ಮೇಲೆ ಇರಲಿಲ್ಲ, ಸರ್ಕಾರಕ್ಕಾದರೂ ಇರಬೇಡವೇ? ಮಂಗನ ಕಾಯಿಲೆಯ ಕಾಲ ಬಂದರೆ ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೇಳುತ್ತಾರೆ. ಮೈಗೆ ಏನು ಹಚ್ಚಬೇಕೆಂದು ಹೇಳಬಲ್ಲ ಸರ್ಕಾರ, ಏನು ಹಚ್ಚಬಾರದೆಂದೂ ಹೇಳಬಹುದು.

ಮಗಳು ಕ್ರೀಮು ಬಿಟ್ಟ ಮೇಲೆ ಪ್ರೋಟೀನು ಇಳಿಯುತ್ತಿದೆ, ಮಾತ್ರೆ ನಿಂತಿಲ್ಲ. ನಾನು ಪರಿಹಾರ ಕೇಳುತ್ತಿಲ್ಲ. ಮಾದರಿ ತೆಗೆಸಿ, ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶವನ್ನು ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಿ. ಕಳೆದ ವಾರದ ಸಂತೆಯಲ್ಲೂ ಅದೇ ಡಬ್ಬಿಗಳು ಸಾಲಾಗಿ ಇದ್ದವು. ಬೆಲೆ 280 ಆಗಿದೆ.

ನನ್ನ ಡಬ್ಬಿಯಲ್ಲಿ ಇನ್ನೂ ಅರ್ಧ ಕ್ರೀಮು ಉಳಿದಿದೆ, ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ತಾವು ಯಾರನ್ನು ಕಳಿಸಿದರೂ ಕೊಡುತ್ತೇನೆ. ರಸೀದಿಯನ್ನು ಮಾತ್ರ ಕೇಳಬಾರದೆಂದು ಅವರಿಗೆ ಮೊದಲೇ ಹೇಳಿ ಕಳಿಸಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು