ಏಳು ಹೆಣ ಬಿದ್ದ ಜಾಗ ಇರುವುದು ಫೋಟೊಗಾ?

ಮಾನ್ಯ ಸಂಪಾದಕರೇ,

ಫೆಬ್ರುವರಿ 14ಕ್ಕೆ ಶಿಕಾಗೊದ ಹಳೇ ಗ್ಯಾಂಗ್ ನಾಯಕ ಅಲ್ ಕಪೋನ್ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಅದೇ ದಿನ ನಮ್ಮ ಕ್ಲಾರ್ಕ್ ಸ್ಟ್ರೀಟಿನಲ್ಲಿ ಆಗಿದ್ದನ್ನೂ ಅನುಭವಿಸಿದೆ. ಎರಡೂ ಸೇರಿ ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಶಿಕಾಗೊಗೆ ಬಂದು ಹನ್ನೊಂದು ವರ್ಷ ಆಯಿತು. ನೀವು ಫೋಟೊ ಹಾಕಿದ್ದೀರಲ್ಲ, ಆ ಹುಲ್ಲುಹಾಸಿನಿಂದ ನಾಲ್ಕು ಹೆಜ್ಜೆ ನಡೆದರೆ ನಮ್ಮ ಮನೆ.

ತುಮಕೂರಿನಿಂದ ಅಪ್ಪ ಬಂದಿದ್ದಾರೆ. 76 ವರ್ಷ, ಮಂಡಿ ನೋವು, ಕೋಲು ಇಲ್ಲದೆ ನಡೆಯಲಾಗದು. ನಿನ್ನೆ ಬೆಳಗ್ಗೆ ಹತ್ತು ಗಂಟೆಗೆ ಅವರನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕಿತ್ತು. ಗ್ಯಾಂಗ್‌ಸ್ಟರ್ ಟೂರಿನ, ಅಂದರೆ ಹಳೇ ರೌಡಿಗಳ ಜಾಗ ತೋರಿಸುವ ಬಸ್ಸೊಂದು ನಮ್ಮ ಕಾರು ಹೊರಗೆ ಬರುವ ದಾರಿಗೇ ಅಡ್ಡ ನಿಂತಿತ್ತು. ಕೇಳಿದರೆ ಡ್ರೈವರ್ ಐದೇ ನಿಮಿಷ ಅಂದ. ಮೂವತ್ತೈದು ನಿಮಿಷ ಆಯಿತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಮಷಿನ್ ಗನ್ ಸದ್ದು ಜೋರಾಗಿ ಹಾಕಿದರು. ಅಪ್ಪ ಬೆಚ್ಚಿಬಿದ್ದರು, ಕೋಲು ಜಾರಿತು, ಹಿಮದ ಮೇಲೆ ಕುಕ್ಕರಿಸಿದರು. ಫ್ಲಾಸ್ಕಿನ ಕಾಫಿಯೆಲ್ಲ ಚೆಲ್ಲಿ ಬಿಳಿ ಹಿಮದ ಮೇಲೆ ಕಂದು ಕಲೆ. ಮಫ್ಲರ್ ಪೂರ್ತಿ ಒದ್ದೆ. ನಾನು ಅವರನ್ನು ಎತ್ತುತ್ತಿದ್ದರೆ ಅಲ್ಲೇ ಪಕ್ಕದಲ್ಲಿ ಇಬ್ಬರು ಹುಡುಗರು ಬೇಲಿಗೆ ಮುಖ ಮಾಡಿ, ಕೈ ಮೇಲೆತ್ತಿ ನಿಂತಿದ್ದರು. ಇನ್ನೊಬ್ಬ ಪ್ಲಾಸ್ಟಿಕ್ ಗನ್ ಗುರಿ ಹಿಡಿದಿದ್ದ. ಅವರಪ್ಪ ನಗುತ್ತಾ ಫೋಟೊ ತೆಗೆಯುತ್ತಿದ್ದ. ಫಿಸಿಯೋಥೆರಪಿ ತಪ್ಪಿತು. ಮುಂದಿನ ಸರದಿ ಸಿಗಲು ಎರಡು ವಾರ ಬೇಕಂತೆ.

ಅಲ್ಲಿ ಏನಾಗಿತ್ತು ಅಂತ ಆ ಮಕ್ಕಳಿಗೆ ಯಾರೂ ಹೇಳಿಲ್ಲ. 1929ರ ಫೆಬ್ರುವರಿ 14ರ ಬೆಳಗ್ಗೆ 2122 ನಾರ್ತ್ ಕ್ಲಾರ್ಕ್‌ನ ಗ್ಯಾರೇಜಿಗೆ ಕೊಲೆಗಾರರು ನುಗ್ಗಿದರು. ಇಬ್ಬರು ಪೊಲೀಸ್ ಯೂನಿಫಾರ್ಮಿನಲ್ಲಿದ್ದರು. ರೇಡ್ ಅಂದುಕೊಂಡು ಒಳಗಿದ್ದ ಏಳು ಜನ ಗೋಡೆಗೆ ಮುಖ ಮಾಡಿ ನಿಂತರು. ಬೆನ್ನಿಗೆ ಗುಂಡು ಹೊಡೆದರು. ಕೊಲ್ಲಬೇಕಿದ್ದ ಬಗ್ಸ್ ಮೊರಾನ್, ಕಪೋನ್ ಎದುರಾಳಿ ಗ್ಯಾಂಗಿನ ನಾಯಕ, ಅಲ್ಲಿ ಇರಲೇ ಇಲ್ಲ. ನಿಮ್ಮ ಲೇಖನದಲ್ಲಿ ಏಳೂ ಜನ ರೌಡಿಗಳು ಅಂತಿದೆ. ತಪ್ಪು. ಜಾನ್ ಮೇ ಅನ್ನುವವನು ಅಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್, ಮನೆ ತುಂಬ ಮಕ್ಕಳಿದ್ದವನು. ರೈನ್‌ಹಾರ್ಟ್ ಶ್ವಿಮರ್ ಕನ್ನಡಕದ ಕೆಲಸದವನು, ಗ್ಯಾಂಗಿನವರ ಜೊತೆ ಸುಮ್ನೆ ಹರಟೆಗೆ ಬರುತ್ತಿದ್ದವನು. ಮೇ ಸಾಕಿದ್ದ ನಾಯಿ ಆ ಗ್ಯಾರೇಜಿನಲ್ಲಿ ಕಟ್ಟಿಹಾಕಿದಲ್ಲೇ ಊಳಿಡುತ್ತಿತ್ತು. ಈ ಕೊಲೆಗಳಿಗೆ ಇವತ್ತಿನವರೆಗೆ ಒಬ್ಬನಿಗೂ ಶಿಕ್ಷೆ ಆಗಿಲ್ಲ. 1967ರಲ್ಲಿ ಗ್ಯಾರೇಜನ್ನೇ ಕೆಡವಿದರು, ಈಗ ಅಲ್ಲಿರುವುದೇ ಆ ಹುಲ್ಲುಹಾಸು.

ಈ ಎರಡು ಗ್ಯಾಂಗುಗಳ ಜಗಳವನ್ನು ಗಂಡುಗಲಿಗಳ ಕಾಳಗದ ಥರ ಬರೆದಿದ್ದೀರಿ. 1924ರ ನವೆಂಬರಿನಲ್ಲಿ ಮೊರಾನ್ ಗ್ಯಾಂಗಿನ ಆಗಿನ ನಾಯಕ ಡೀನ್ ಒಬಾನಿಯನ್‌ನನ್ನು ಅವನ ಹೂವಿನ ಅಂಗಡಿಯಲ್ಲೇ ಕೊಂದರು. ಒಬ್ಬ ಕೈ ಕುಲುಕುವ ನೆಪದಲ್ಲಿ ಕೈ ಗಟ್ಟಿಯಾಗಿ ಹಿಡಿದುಕೊಂಡ, ಉಳಿದವರು ಹೊಡೆದರು. ಇದು ಗಂಡಸುತನವಾ? 1926ರ ಸೆಪ್ಟೆಂಬರಿನಲ್ಲಿ ಒಬಾನಿಯನ್ ಕಡೆಯವರು ಸಾಲಾಗಿ ಕಾರುಗಳಲ್ಲಿ ಶಿಕಾಗೊ ಪಕ್ಕದ ಸಿಸೆರೋಗೆ ಬಂದು ಕಪೋನ್ ಇದ್ದ ಹೋಟೆಲಿನ ಮೇಲೆ ಸಾವಿರಕ್ಕೂ ಜಾಸ್ತಿ ಗುಂಡು ಸುರಿಸಿದರು. ಕಪೋನ್‌ಗೆ ಏನೂ ಆಗಲಿಲ್ಲ. ಹೊರಗೆ ಕಾರಿನಲ್ಲಿ ಕೂತಿದ್ದ ಯಾರದೋ ಹೆಂಡತಿಯ ಕಣ್ಣಿಗೆ ಗಾಜು ಚುಚ್ಚಿತು. ಮೂರು ವಾರದಲ್ಲಿ ಕಪೋನ್ ಕಡೆಯವರು ಒಬಾನಿಯನ್ ಜಾಗಕ್ಕೆ ಬಂದಿದ್ದ ಹೈಮಿ ವೈಸ್‌ನನ್ನು ಚರ್ಚಿನ ಎದುರೇ ಕೊಂದರು. ಎಲ್ಲಾ ಯಾವುದಕ್ಕೆ? ಕಳ್ಳ ಬಿಯರ್ ಯಾರ ಏರಿಯಾದಲ್ಲಿ ಯಾರು ಮಾರಬೇಕು ಅನ್ನುವುದಕ್ಕೆ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಕಾಯಿದೆ ಮಾಡಿದರು, ಕಾಯುವ ಪೊಲೀಸರೇ ಕಾಸಿಗೆ ಕೈ ಚಾಚಿದರು. ಮೇಯರ್ ಬಿಗ್ ಬಿಲ್ ಥಾಂಪ್ಸನ್ 1927ರಲ್ಲಿ ಬಾರ್ ತೆರೆಸುತ್ತೇನೆ ಅಂತ ಬಹಿರಂಗವಾಗಿ ಹೇಳಿಯೇ ಗೆದ್ದ. ಕೊನೆಗೆ ಕಪೋನ್‌ಗೆ 1931ರಲ್ಲಿ ಹನ್ನೊಂದು ವರ್ಷ ಜೈಲಾಯಿತು, ಅದೂ ಇನ್‌ಕಮ್ ಟ್ಯಾಕ್ಸ್ ಕಟ್ಟದಿದ್ದಕ್ಕೆ. ಅಧಿಕಾರಿಗಳು ಆಗಲೂ ಹಾಗೇ, ಈಗಲೂ ಹಾಗೇ. ಹೋದ ವರ್ಷ ಹಿಮ ಬಿದ್ದಾಗ ಹತ್ತು ನಿಮಿಷ ಕಾರು ನಿಲ್ಲಿಸಿದ್ದಕ್ಕೆ ನನಗೆ ದಂಡದ ಚೀಟಿ ಅಂಟಿಸಿದರು. ಈ ಬಸ್ಸಿಗೆ ಏನೂ ಇಲ್ಲ. ಮೂರು ಸಲ ಫೋನ್ ಮಾಡಿದೆ, ಪ್ರತಿ ಸಲ ಬೇರೆ ನಂಬರ್ ಕೊಟ್ಟರು. ನಮ್ಮ ಮೂಲೆಯ ಬೀದಿ ದೀಪ ಕೆಟ್ಟು ಐದು ತಿಂಗಳಾಯಿತು, ಫುಟ್‌ಪಾತಿನ ಹಿಮ ತೆಗೆಯುವವರಿಲ್ಲ. ದೂರು ಕೊಟ್ಟಿದ್ದೇ ಬಂತು.

ಆ ಬಸ್ಸುಗಳನ್ನು ನಮ್ಮ ಬೀದಿಯಿಂದ ತೆಗೆಸಬೇಕು, ಕೊನೇ ಪಕ್ಷ ಆ ಸ್ಪೀಕರ್ ಆದರೂ ಬಂದ್ ಮಾಡಿಸಬೇಕು. ನೀವೂ ಆ ಟೋಪಿ, ಸಿಗಾರಿನ ಫೋಟೊ ಹಾಕುವುದನ್ನು ನಿಲ್ಲಿಸಿ. ಜಾನ್ ಮೇ ಹೆಸರು ಸರಿಯಾಗಿ ಹಾಕಿ ತಿದ್ದುಪಡಿ ಪ್ರಕಟಿಸಿ. ಅಲ್ಲಿ ಸತ್ತವರೂ ಮನುಷ್ಯರೇ, ಇಲ್ಲಿ ಬದುಕಿರುವ ನಾವೂ ಮನುಷ್ಯರೇ ಅಲ್ವಾ? ಅಪ್ಪನ ಮಂಡಿ ಇವತ್ತು ಇನ್ನೂ ಊದಿಕೊಂಡಿದೆ. ಸಂಬಂಧಪಟ್ಟವರಿಗೆ ಸ್ವಲ್ಪ ನಾಚಿಕೆಯಾದರೂ ಆಗಲಿ.

– ನಿಮ್ಮ ಹಳೆಯ ಓದುಗಿ, ಲಿಂಕನ್ ಪಾರ್ಕ್, ಶಿಕಾಗೊ