ಮನ್ಯಾಗಿನ ಹಿರ್ಯಾರ ಮಾತು ರೆಕಾರ್ಡ್ ಮಾಡಿ ಹಾಕ್ರಿ
ಎಲ್ಲರಿಗೂ ಶರಣ್ರಿ. ಸೆಪ್ಟೆಂಬರ್ 17 (1948ರಾಗ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕ ಸೇರಿದ ದಿನ) ಬಂತಂದ್ರ ನಮ್ ಗ್ರೂಪಿನ್ಯಾಗ ಬರೇ ಧ್ವಜದ ಫೋಟೋ, ನಿಜಾಮ, ಸರ್ದಾರ್ ಪಟೇಲರು ಇಷ್ಟೇ ಫಾರ್ವರ್ಡ್ ಆಗ್ತಾವ, ಮಂದಿ ಬದುಕು ಎಲ್ಲದ? 1948 ಆದ್ಮ್ಯಾಲೂ ಕಲಬುರಗಿ ಕಡಿ ಹಾಲಿ ರೊಕ್ಕ (ನಿಜಾಮನ ರೂಪಾಯಿ), ಕಲ್ದಾರ ರೊಕ್ಕ (ಭಾರತದ ರೂಪಾಯಿ) ಎರಡೂ ನಡೀತಿದ್ವು, 7 ಹಾಲಿಗೆ 6 ಕಲ್ದಾರ, ಹಾಲಿ ಪೂರಾ ಬಂದ್ ಆಗಿದ್ದು 1959ರಾಗ, ಅಷ್ಟೊತ್ತಿಗೆ ನಾವು ಮೈಸೂರು ರಾಜ್ಯಕ್ಕ ಸೇರಿ ಮೂರು ವರ್ಷ ಆಗಿತ್ತು ನೋಡ್ರಿ! ಸಂತ್ಯಾಗ ಈ ಲೆಕ್ಕ ಹೆಂಗ ಮಾಡ್ತಿದ್ರು, ಉರ್ದು ಸಾಲಿ ಕಲ್ತವ್ರು ಆಮ್ಯಾಲ ಕನ್ನಡ ಆಫೀಸಿನ್ಯಾಗ ಹೆಂಗ ನಿಭಾಯಿಸಿದ್ರು, ರಜಾಕಾರರ (ನಿಜಾಮನ ಪರ ಇದ್ದ ಖಾಸಗಿ ಪಡಿಯವ್ರ) ಹೆದರಿಕಿಗೆ ಊರು ಬಿಟ್ಟ ಹೆಣ್ಮಕ್ಳು ಏನ್ ಉಂಡ್ರು, ಎಲ್ಲಾ ಕೇಳ್ರಿ. ಪೊಲೀಸ್ ಆ್ಯಕ್ಷನ್ (ಸಂಸ್ಥಾನದ ಮ್ಯಾಲ ಭಾರತದ ಸೈನ್ಯದ ಕಾರ್ಯಾಚರಣಿ) ಆದ್ಮ್ಯಾಲ ಮುಸ್ಲಿಂ ಮನಿಗೋಳು ಅನುಭವಿಸಿದ್ದೂ ಬರ್ಬೇಕು, ಅದಕ್ಕ ಯಾರೂ ಜಗಳ ತೆಗೀಬ್ಯಾಡ್ರಿ. ವಾಯ್ಸ್ ನೋಟ್ ಸಾಕು, ಊರ ಹೆಸರು ಹಾಕ್ರಿ, ಹಿರ್ಯಾರನ್ನ ಕೇಳ್ದೇ ಅವರ ಹೆಸರು ಮಾತ್ರ ಹಾಕಬ್ಯಾಡ್ರಿ. ಗುಡ್ ಮಾರ್ನಿಂಗ್ ಮೆಸೇಜ್ ಎರಡ್ ದಿನ ಬಂದ್ ಇಡ್ರಿ.